ಆಹಾರನಳಿಕೆ ಮತ್ತು ಆಯುಸ್ಸಿನ ಅಂದಾಜು

ಅನ್ನ ನುಂಗಲಾರದ ರೋಗಿಯನ್ನು ಉಪವಾಸವಿರಿಸಲು ಯಾವ ಕುಟುಂಬದ ಮನಸ್ಸೂ ಒಪ್ಪದು. ಹೊಟ್ಟೆಗೆ ನೇರವಾಗಿ ನಳಿಕೆ ಅಳವಡಿಸಬಹುದೆಂದು ವೈದ್ಯರು ತಿಳಿಸಿದಾಗ ಮನೆಯವರಲ್ಲಿ ಏಳುವ ಪ್ರಶ್ನೆ ಒಂದೇ: "ಇದರಿಂದ ಎಷ್ಟು ಕಾಲ ಬದುಕುತ್ತಾರೆ?" ನರರೋಗಗಳ ಚಿಕಿತ್ಸೆಗೆ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ, ಬಾಯಿ ಹಾಗೂ ಗಂಟಲಿನ ಕ್ಯಾನ್ಸರಿಗೆ ಅಲ್ಲಿನ ಎಂ.ಎನ್.ಜೆ. ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೋ ಬೀದರ್, ಕಲಬುರಗಿ, ರಾಯಚೂರು ಕಡೆಗಳಿಂದ ತೆರಳುವ ಕನ್ನಡಿಗರಿಗೂ ಈ ಪ್ರಶ್ನೆ ಎದುರಾಗಬಹುದು.

ವಿಧಾನ

ಕೆಲವು ವಾರಗಳ ಮಟ್ಟಿಗಾದರೆ ಮೂಗಿನ ಮೂಲಕ ಹಾಕುವ ನಳಿಕೆಯೇ ಸಾಕು. ನಾಲ್ಕಾರು ವಾರಗಳಿಗೂ ಹೆಚ್ಚು ಕಾಲ ಬೇಕಾದಲ್ಲಿ, ಎಂಡೋಸ್ಕೋಪ್ ನೆರವಿನಿಂದ ಹೊಟ್ಟೆಯ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ಜಠರಕ್ಕೆ ನಳಿಕೆ ಕೂಡಿಸಲಾಗುತ್ತದೆ. ಈ ವಿಧಾನವನ್ನು 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವೈದ್ಯರಾದ ಗೌಡರರ್ ಮತ್ತು ಪಾನ್ಸ್ಕಿ ಮೊದಲು ನೆರವೇರಿಸಿದರು.

ಮುನ್ಸೂಚನೆಯ ಆಧಾರ

ನಳಿಕೆ ಅಳವಡಿಸಿದ ಮೊದಲ ತಿಂಗಳಲ್ಲಿ ಸಂಭವಿಸುವ ಮರಣಗಳಿಗೆ ಬಹುಪಾಲು ಮೂಲರೋಗವೇ ಕಾರಣ, ಶಸ್ತ್ರಕ್ರಿಯೆಯಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೂಪಿತವಾದ ಅಂಕಪದ್ಧತಿಯು ರೋಗಿಯ ವಯಸ್ಸನ್ನೂ ರಕ್ತದ ಆಲ್ಬುಮಿನ್ ಪ್ರಮಾಣವನ್ನೂ ಆಧರಿಸಿ ಮೊದಲ 30 ದಿನಗಳ ಅಪಾಯವನ್ನು ಅಂದಾಜು ಮಾಡುತ್ತದೆ. ಆಲ್ಬುಮಿನ್ ಕುಸಿತವು ಕೇವಲ ಹಸಿವಿನ ಲಕ್ಷಣವಲ್ಲ. ಸೋಂಕು, ಉರಿಯೂತಗಳ ಸೂಚನೆಯೂ ಹೌದು. ಆದಕಾರಣ ಸೋಂಕು ಇದ್ದಲ್ಲಿ ಅದನ್ನು ಮೊದಲು ಗುಣಪಡಿಸಿ, ನಳಿಕೆಯನ್ನು ಅನಂತರ ಅಳವಡಿಸುವುದು ಎಷ್ಟೋ ವೇಳೆ ಲೇಸು.

ರೋಗದ ಸ್ವರೂಪವೂ ಮುಖ್ಯ. ಗಂಟಲಿನ ಕ್ಯಾನ್ಸರಿನಲ್ಲಿ ವಿಕಿರಣ ಚಿಕಿತ್ಸೆ ಮುಗಿಯುವವರೆಗೆ ನಳಿಕೆ ಆಸರೆಯಾದೀತು. ಪಾರ್ಶ್ವವಾಯುವಿನ ಆರಂಭದ ವಾರಗಳಲ್ಲಿ ಮೂಗಿನ ನಳಿಕೆಯೇ ಮೇಲೆಂದು 2005ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ಸೂಚಿಸಿತು. ತೀವ್ರ ಮರೆವಿನ ರೋಗದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುವುದೆಂಬುದಕ್ಕೆ ಆಧಾರ ದೊರೆತಿಲ್ಲ. ಅಲ್ಲಿ ಕೈಯಾರೆ, ನಿಧಾನವಾಗಿ ತಿನ್ನಿಸುವುದೇ ಉಚಿತ.

ಅಂದಾಜಿನ ಮಿತಿ

ಈ ಅಂಕಗಳು ಸಮೂಹದ ಗತಿಯನ್ನು ತಿಳಿಸುತ್ತವೆಯೇ ಹೊರತು ಒಬ್ಬ ವ್ಯಕ್ತಿಯ ಹಣೆಬರಹವನ್ನಲ್ಲ. ನೂರರಲ್ಲಿ ಇಪ್ಪತ್ತು ಮಂದಿಗೆ ಅಪಾಯವೆಂದರೆ, ನಮ್ಮವರು ಆ ಇಪ್ಪತ್ತರಲ್ಲಿರುವರೋ ಉಳಿದ ಎಂಬತ್ತರಲ್ಲಿರುವರೋ ಎಂದು ಯಾವ ಲೆಕ್ಕವೂ ಹೇಳಲಾರದು.

ಆದುದರಿಂದ ಸಮ್ಮತಿಪತ್ರಕ್ಕೆ ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಬೇಕು: ನಳಿಕೆಯ ಉದ್ದೇಶವೇನು? ಎಷ್ಟು ದಿನದ ತರುವಾಯ ಪುನರ್ವಿಮರ್ಶೆ? ಪ್ರಯೋಜನ ಕಾಣದಿದ್ದರೆ ಮುಂದೇನು? ರೋಗಿಗೆ ಅರಿವಿದ್ದಲ್ಲಿ ಅವರ ಇಚ್ಛೆಯೇ ಪ್ರಧಾನ. ನಳಿಕೆ ಬೇಡವೆಂದು ನಿರ್ಧರಿಸಿದರೂ ಆರೈಕೆ ನಿಲ್ಲುವುದಿಲ್ಲ. ನೋವು, ಬಾಯಾರಿಕೆ, ಉಸಿರಾಟದ ಕಷ್ಟಗಳಿಗೆ ಉಪಶಾಮಕ ಚಿಕಿತ್ಸೆ ಇದ್ದೇ ಇದೆ.