ಕನ್ನಡ ಸಂದೇಶ ಪೋಷಕರನ್ನು ತಲುಪದಿದ್ದಾಗ: ಎಸ್‌ಎಂಎಸ್, ಆರ್‌ಸಿಎಸ್ ಮತ್ತು ನಮ್ಮ ಶಾಲೆಗಳು

ಗಡಿನಾಡಿನ ಅಧ್ಯಾಪಕರ ಸಭೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯೊಬ್ಬರು ಹೇಳಿದ ಪ್ರಸಂಗವಿದು. ಮಳೆಯ ಕಾರಣ ಮರುದಿನ ಶಾಲೆಗೆ ರಜೆ ಎಂಬ ಸಂದೇಶವನ್ನು ಅವರು ಸಂಜೆಯೇ ಕನ್ನಡದಲ್ಲಿ ಎಲ್ಲ ಪೋಷಕರಿಗೆ ಕಳುಹಿಸಿದ್ದರು. ಬೆಳಗ್ಗೆ ನೋಡಿದರೆ ಮೂವರು ಮಕ್ಕಳು ಒದ್ದೆಯಾಗಿ ಶಾಲೆಯ ಜಗಲಿಯಲ್ಲಿ ನಿಂತಿದ್ದಾರೆ. ಜೊತೆಗೆ ಬಂದಿದ್ದ ಅಜ್ಜಿಯ ಕೀಪ್ಯಾಡ್ ಫೋನಿನಲ್ಲಿ ಸಂದೇಶವೇನೋ ಇತ್ತು, ಆದರೆ ಅದು ಎರಡು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿತ್ತು. ಸಂದೇಶ ರವಾನಿಸುವ ಸಂಸ್ಥೆಯನ್ನು ವಿಚಾರಿಸಿದಾಗ ಬಂದ ಉತ್ತರ: "ಕನ್ನಡ ಲಿಪಿ ಬೇಡ ಮೇಡಂ, ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ." ಅಂದಿನಿಂದ ಆ ಶಾಲೆಯ ಸೂಚನೆಗಳೆಲ್ಲ ರೋಮನ್ ಲಿಪಿಯ ಕನ್ನಡದಲ್ಲಿ ಹೋಗುತ್ತಿದ್ದವು. ಅಜ್ಜಿಗೆ ಓದಲು ಬರುತ್ತಿದ್ದುದು ಕನ್ನಡ ಲಿಪಿ ಮಾತ್ರ.

ಆ ಉತ್ತರ ತಾಂತ್ರಿಕವಾಗಿ ತಪ್ಪು. ಕನ್ನಡವನ್ನು ಸಾಗಿಸಲಾರದ ಸಂದೇಶ ವ್ಯವಸ್ಥೆ ಈಗ ಬಳಕೆಯಲ್ಲಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವ ಗೋಜಿಗೆ ಹೋಗದೆ ಲಿಪಿಯನ್ನೇ ಕೈಬಿಡುವುದು ಎಲ್ಲರಿಗೂ ಸುಲಭವಾಗಿ ಕಾಣುತ್ತದೆ, ಅಷ್ಟೆ. ದೋಷ ಹುಡುಕುವುದು ಕಷ್ಟವೇನೂ ಅಲ್ಲ. ಪೋಷಕರ ಪರದೆಯ ಮೇಲೆ ಏನು ಕಾಣಿಸಿತು ಎಂಬುದೇ ಅರ್ಧ ಉತ್ತರವನ್ನು ಹೇಳಿಬಿಡುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳು ಕಂಡವೆಂದರೆ ಅಕ್ಷರಗಳು ಹೊರಡುವಲ್ಲಿಯೇ ನಾಶವಾಗಿವೆ ಎಂದರ್ಥ. ಕನ್ನಡ ಪಠ್ಯವನ್ನು ಯಾರೋ ಇಂಗ್ಲಿಷ್ ಪಠ್ಯವೆಂದು ಗುರುತಿಸಿ ಕಳುಹಿಸಿದ್ದಾರೆ. ಸಗಟು ಸಂದೇಶ ಕಳುಹಿಸುವ ಜಾಲತಾಣಗಳಲ್ಲಿ 'ಟೆಕ್ಸ್ಟ್' ಮತ್ತು 'ಯೂನಿಕೋಡ್' ಎಂಬ ಎರಡು ಆಯ್ಕೆಗಳಿರುತ್ತವೆ. ಕನ್ನಡಕ್ಕೆ ಎರಡನೆಯದನ್ನೇ ಆರಿಸತಕ್ಕದ್ದು. ಕೆಲವು ಸ್ಯಾಮ್‌ಸಂಗ್ ಫೋನುಗಳ ಮೆಸೇಜಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಪುಟ್ ಮೋಡ್' ಎಂಬುದಿದ್ದು, ಅದು 'ಜಿಎಸ್‌ಎಂ ಆಲ್ಫಾಬೆಟ್' ಎಂದಿದ್ದರೆ 'ಆಟೋಮ್ಯಾಟಿಕ್' ಎಂದು ಬದಲಿಸಬೇಕು. ಹೀಗೆ ಹಾಳಾಗಿ ಬಂದ ಸಂದೇಶವನ್ನು ಸರಿಪಡಿಸುವ ಉಪಾಯ ಪೋಷಕರ ಬಳಿ ಇರುವುದಿಲ್ಲ. ನಾವೇ ಮತ್ತೊಮ್ಮೆ ಕಳುಹಿಸಬೇಕು.

ಖಾಲಿ ಚೌಕಗಳು ಕಂಡರೆ ಸಂಗತಿ ಬೇರೆ. ಸಂದೇಶ ಸರಿಯಾಗಿಯೇ ತಲುಪಿದೆ, ಆ ಫೋನಿನಲ್ಲಿ ಕನ್ನಡದ ಅಕ್ಷರರೂಪಗಳಿಲ್ಲ. ಅದೇ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಮತ್ತೆ ಕಳುಹಿಸಿದರೆ ಓದಬಹುದು. ಭಾರತದಲ್ಲಿ ಮಾರಾಟವಾಗುವ ಫೋನುಗಳು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಪರದೆಯಲ್ಲಿ ತೋರಿಸಬೇಕೆಂದು ಭಾರತೀಯ ಮಾನಕ ಬ್ಯೂರೋದ ಐ.ಎಸ್. 16333 ಮಾನಕದ ಮೂರನೆಯ ಭಾಗ ವಿಧಿಸುತ್ತದೆ. ಅದಕ್ಕಿಂತ ಹಳೆಯ ಫೋನುಗಳು ಮನೆಗಳಲ್ಲಿ ಇನ್ನೂ ಉಳಿದಿವೆ. ಅಂಥ ಮನೆಗೆ ಧ್ವನಿಕರೆಯೇ ಸರಿಯಾದ ದಾರಿ.

ಮೂರನೆಯ ಲಕ್ಷಣ ನಮ್ಮ ಶಾಲೆಗಳಿಗೇ ವಿಶಿಷ್ಟವಾದದ್ದು: ಅರ್ಥವಿಲ್ಲದ ರೋಮನ್ ಅಕ್ಷರಗಳೂ, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ, ಟೋಪಿಗಳೂ ಬೆರೆತು ಬರುವುದು. ಸುತ್ತೋಲೆಯನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಅದನ್ನೇ ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದಾಗ ಹೀಗಾಗುತ್ತದೆ. ಆ ಫಾಂಟುಗಳಲ್ಲಿ ಒಳಗಿರುವುದು ರೋಮನ್ ಸಂಕೇತ, ಮೇಲಿನ ವೇಷ ಮಾತ್ರ ಕನ್ನಡ. ನುಡಿ ತಂತ್ರಾಂಶದಲ್ಲಿಯೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿಕೊಂಡು, ಒಮ್ಮೆ ಕಣ್ಣಾಡಿಸಿ, ಆಮೇಲೆ ಕಳುಹಿಸಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು ಆಗಾಗ ಸ್ಥಳ ಬದಲಿಸುವುದನ್ನು ನಾನು ಕಂಡಿದ್ದೇನೆ.

ಇನ್ನು ಸಂದೇಶದ ಉದ್ದ. ಇದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ "ಕನ್ನಡ ದುಬಾರಿ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಒಂದು ಎಸ್‌ಎಂಎಸ್‌ನ ಒಡಲು 140 ಬೈಟುಗಳು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೆ 16 ಬಿಟ್, ಅಂದರೆ 2 ಬೈಟು ಬೇಕು. ಆದ್ದರಿಂದ 70 ಮಾತ್ರ. ಸಂದೇಶ 70ನ್ನು ಮೀರಿದರೆ ಅದು ತುಂಡಾಗುತ್ತದೆ, ತುಂಡುಗಳನ್ನು ಮರಳಿ ಜೋಡಿಸುವ ಗುರುತಿಗೆ ಸ್ಥಳ ಹೋಗಿ ಒಂದೊಂದು ತುಂಡಿಗೆ 67 ಉಳಿಯುತ್ತದೆ. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶಕ್ಕೆ 70ರ ಮಿತಿ ಅನ್ವಯಿಸುತ್ತದೆ. ಕನ್ನಡವನ್ನು ಇದಕ್ಕಿಂತ ಅಡಕವಾಗಿ ಸಾಗಿಸುವ ಸಂಕೇತಪಟ್ಟಿಯೊಂದು ಅಂತರರಾಷ್ಟ್ರೀಯ ಮಾನಕದಲ್ಲಿ ಇದೆಯಾದರೂ ಅದರ ಬಳಕೆ ವಿರಳ.

ಇಲ್ಲಿ ಫೋನು ಎಣಿಸುವ 'ಅಕ್ಷರ' ನಮ್ಮ ವ್ಯಾಕರಣದ ಅಕ್ಷರವೂ ಅಲ್ಲ, ವರ್ಣವೂ ಅಲ್ಲ. 'ರಜೆ' ಎಂಬುದನ್ನು ನಾವು ರ್+ಅ+ಜ್+ಎ ಎಂದು ನಾಲ್ಕಾಗಿ ಬಿಡಿಸುತ್ತೇವೆ. ಫೋನಿಗೆ ಅದು ರ, ಜ, ಎತ್ವ ಎಂಬ ಮೂರು. 'ಲ್ಲಿ' ನಮಗೆ ಲ್+ಲ್+ಇ ಎಂಬ ಮೂರು. ಫೋನಿಗೆ ಲ, ಹಲಂತ, ಲ, ಗುಡಿಸು ಎಂಬ ನಾಲ್ಕು. 'ಸ್ತ್ರೀ' ನೋಡಲು ಒಂದು ಅಕ್ಷರ, ಎಣಿಕೆಗೆ ಆರು. (ಐದನೆಯ ತರಗತಿಯಲ್ಲಿ ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಪಾಠವನ್ನು ಹೀಗೆ ಎರಡು ಬಗೆಯಲ್ಲಿ ಎಣಿಸಿ ಮಾಡಿಸಿದಾಗ ಮಕ್ಕಳ ಉತ್ಸಾಹ ಬೇರೆಯೇ ಆಗಿತ್ತು.)

ಈ ಎಣಿಕೆಯನ್ನು ತಿಳಿದವರು ಸಂದೇಶವನ್ನು ಬೇರೆ ರೀತಿಯಲ್ಲಿ ಬರೆಯುತ್ತಾರೆ. "ಪೋಷಕರಲ್ಲಿ ವಿನಂತಿ: ನಾಳೆ ಭಾರೀ ಮಳೆಯ ಮುನ್ಸೂಚನೆ ಇರುವುದರಿಂದ ಶಾಲೆಗೆ ರಜೆ ಘೋಷಿಸಲಾಗಿದೆ." ಇದರಲ್ಲಿ ಖಾಲಿ ಜಾಗಗಳೂ ಸೇರಿ 77 ಸಂಕೇತಗಳಿವೆ, ಆದ್ದರಿಂದ ಎರಡು ಎಸ್‌ಎಂಎಸ್. "ನಾಳೆ ಭಾರೀ ಮಳೆಯ ಮುನ್ಸೂಚನೆ. ಶಾಲೆಗೆ ರಜೆ." ಎಂದರೆ 37. ಶಾಲೆಯ ಹೆಸರಿಗೂ ದಿನಾಂಕಕ್ಕೂ ಇನ್ನೂ ಸ್ಥಳ ಉಳಿಯುತ್ತದೆ. ದಿನಕ್ಕೆ 100 ಎಸ್‌ಎಂಎಸ್ ಕೊಡುವ ಸಾಮಾನ್ಯ ಪ್ರೀಪೇಯ್ಡ್ ಯೋಜನೆಯುಳ್ಳ ಅಧ್ಯಾಪಕರು 60 ಪೋಷಕರಿಗೆ ಮೊದಲನೆಯದನ್ನು ಕಳುಹಿಸಿದರೆ 120 ಬೇಕಾಗುತ್ತದೆ, ಐವತ್ತನೆಯ ಮನೆಯ ನಂತರ ಉಚಿತ ಮಿತಿ ಮುಗಿಯುತ್ತದೆ. ಎರಡನೆಯದು ಅರವತ್ತರಲ್ಲೇ ಮುಗಿಯುತ್ತದೆ. ಕರ್ಮಣಿ ಪ್ರಯೋಗದ ಮೇಲೆ ನಮ್ಮ ಇಲಾಖಾ ಕನ್ನಡಕ್ಕಿರುವ ಮೋಹಕ್ಕೆ ಇಲ್ಲಿ ನಿಜವಾಗಿಯೂ ಬೆಲೆ ತೆರಬೇಕಾಗುತ್ತದೆ.

ಸ್ಮಾರ್ಟ್‌ಫೋನುಳ್ಳ ಪೋಷಕರ ವಿಷಯದಲ್ಲಿ ಈ ಮಿತಿಯನ್ನು ದಾಟುವ ವ್ಯವಸ್ಥೆಯೊಂದಿದೆ: ಆರ್‌ಸಿಎಸ್, ಅಂದರೆ ರಿಚ್ ಕಮ್ಯುನಿಕೇಷನ್ ಸರ್ವಿಸಸ್. ಫೋನಿನಲ್ಲಿ ಮೊದಲೇ ಇರುವ ಸಂದೇಶಪೆಟ್ಟಿಗೆಯ ಮೂಲಕವೇ, ಆದರೆ ಅಂತರಜಾಲದ ಹಾದಿಯಲ್ಲಿ ಸಂದೇಶ ಹೋಗುತ್ತದೆ. ಉದ್ದನೆಯ ಕನ್ನಡ ಪಠ್ಯ, ವೇಳಾಪಟ್ಟಿಯ ಚಿತ್ರ, ತಲುಪಿತೇ ಓದಿದರೇ ಎಂಬ ಗುರುತು, ಎಲ್ಲವೂ ಸಾಧ್ಯ. ಜಗತ್ತಿನ ಮೊಬೈಲ್ ಸಂಸ್ಥೆಗಳ ಒಕ್ಕೂಟವಾದ ಜಿಎಸ್‌ಎಂಎ ಇದರ ಏಕರೂಪದ ಮಾನಕವನ್ನು 2016ರಲ್ಲಿ ಪ್ರಕಟಿಸಿತು. ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಮೆಸೇಜಸ್ ಇದನ್ನು ನಡೆಸುತ್ತದೆ, ಐಫೋನಿನಲ್ಲಿ 2024ರ ಐಒಎಸ್ 18ರಿಂದ ಇದು ಬಂದಿದೆ. ಆದರೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಕಾಣಿಸಬೇಕಾದರೆ ಸಿಮ್ ಕಂಪನಿಯೂ ಅದಕ್ಕೆ ವ್ಯವಸ್ಥೆ ಮಾಡಿರಬೇಕು. "ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿದ್ದಾರಲ್ಲ" ಎಂದು ಕೇಳುವವರುಂಟು. ಎಲ್ಲರೂ ಇಲ್ಲ. ಇಲ್ಲದವರ ಮಕ್ಕಳೇ ಆ ದಿನ ಜಗಲಿಯಲ್ಲಿ ನಿಂತಿದ್ದರು.

ಆರ್‌ಸಿಎಸ್ ಕೈಕೊಟ್ಟಾಗ ಮೊದಲು ನೋಡಬೇಕಾದದ್ದು ಗೂಗಲ್ ಮೆಸೇಜಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಆರ್‌ಸಿಎಸ್ ಚಾಟ್ಸ್' ಎಂಬಲ್ಲಿ ಏನಿದೆ ಎಂಬುದನ್ನು. 'ಕನೆಕ್ಟೆಡ್' ಎಂದಿದ್ದರೆ ನಮ್ಮ ಫೋನಿನಲ್ಲಿ ದೋಷವಿಲ್ಲ. 'ಸೆಟ್ಟಿಂಗ್ ಅಪ್' ಎಂದೇ ಗಂಟೆಗಟ್ಟಲೆ ನಿಂತಿದ್ದರೆ ಸಂಖ್ಯೆಯ ಪರಿಶೀಲನೆ ಮುಗಿದಿಲ್ಲ. ಈ ಪರಿಶೀಲನೆಗಾಗಿ ಫೋನು ತಾನಾಗಿಯೇ ಒಂದು ಎಸ್‌ಎಂಎಸ್ ಕಳುಹಿಸಬಹುದು. ಸಿಮ್ಮಿನ ಯೋಜನೆಯಲ್ಲಿ ಎಸ್‌ಎಂಎಸ್ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಫೋನಿನ ದಿನಾಂಕ, ಸಮಯ ಸ್ವಯಂಚಾಲಿತವಾಗಿವೆಯೇ, ಗೂಗಲ್ ಮೆಸೇಜಸ್ ಮುಖ್ಯ ಸಂದೇಶ ಆ್ಯಪ್ ಆಗಿದೆಯೇ, ಅದೂ ಕ್ಯಾರಿಯರ್ ಸರ್ವಿಸಸ್ ಆ್ಯಪ್ ಕೂಡ ಹೊಸ ಆವೃತ್ತಿಯಲ್ಲಿವೆಯೇ ಎಂದು ನೋಡಿ, ಆರ್‌ಸಿಎಸ್ ಅನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಬೇಕು. ಎರಡು ಸಿಮ್ ಇದ್ದರೆ ಯಾವುದರಲ್ಲಿ ಅದು ಚಾಲನೆಯಲ್ಲಿದೆ ಎಂಬುದನ್ನೂ ಗಮನಿಸಬೇಕು.

ವಯನಾಡಿನ ಕಾಡಂಚಿನಲ್ಲಿಯೋ ತಾಳವಾಡಿಯ ಬೆಟ್ಟದ ಹಳ್ಳಿಯಲ್ಲಿಯೋ ಇರುವ ಪೋಷಕರ ಫೋನಿಗೆ ಅಂತರಜಾಲ ಸಿಗದಿದ್ದರೆ ಆರ್‌ಸಿಎಸ್ ಸಂದೇಶ ಕಾಯುತ್ತಾ ಉಳಿಯುತ್ತದೆ. ಸಾಧಾರಣ ಎಸ್‌ಎಂಎಸ್‌ಗಾದರೆ ಕರೆಗೆ ಸಾಕಾಗುವ ಸಿಗ್ನಲ್ಲೇ ಸಾಕು. ಆದ್ದರಿಂದ, ತಲುಪದ ಸಂದೇಶವನ್ನು ತಾನಾಗಿ ಎಸ್‌ಎಂಎಸ್ ಆಗಿ ಮರುಕಳುಹಿಸುವ ಆಯ್ಕೆಯನ್ನು ಅದೇ ಸೆಟ್ಟಿಂಗ್ಸ್‌ನಲ್ಲಿ ಹಚ್ಚಿಡುವುದು ಲೇಸು. ಆಗ ಮತ್ತೆ 70ರ ಲೆಕ್ಕ ಬರುತ್ತದೆ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮೋಸದ ದೋಷ ಇನ್ನೊಂದಿದೆ. ತಂದೆ ತನ್ನ ಸ್ಮಾರ್ಟ್‌ಫೋನನ್ನು ಮಗಳ ಓದಿಗೆ ಬಿಟ್ಟುಕೊಟ್ಟು, ಸಿಮ್ಮನ್ನು ಮಾತ್ರ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳುತ್ತಾನೆ. ಆ ಸಂಖ್ಯೆ ಆರ್‌ಸಿಎಸ್‌ನಲ್ಲಿ ಇದೆ ಎಂದೇ ವ್ಯವಸ್ಥೆ ಕೆಲಕಾಲ ನಂಬಿರುತ್ತದೆ. ನಾವು ಕಳುಹಿಸಿದ್ದು ಆತನ ಕೀಪ್ಯಾಡ್ ಫೋನಿಗೆ ಬರುವುದಿಲ್ಲ, ನಮಗೆ ದೋಷಸೂಚನೆಯೂ ಕಾಣುವುದಿಲ್ಲ. ಸಿಮ್ ತೆಗೆಯುವ ಮೊದಲು ಹಳೆಯ ಫೋನಿನಲ್ಲಿ ಆರ್‌ಸಿಎಸ್ ಆರಿಸಬೇಕು. ಆರಿಸದೆ ತೆಗೆದಿದ್ದರೆ, ಸಂಖ್ಯೆಯನ್ನು ನೋಂದಣಿಯಿಂದ ತೆಗೆಯಲು ಗೂಗಲ್ ಒಂದು ಜಾಲಪುಟ ಇರಿಸಿದೆ. ಕೀಪ್ಯಾಡ್ ಫೋನಿಗೆ ಬರುವ ಗುಪ್ತಸಂಖ್ಯೆಯನ್ನು ಅಲ್ಲಿ ನಮೂದಿಸಿದರೆ ಕೆಲಸ ಮುಗಿಯಿತು. ಯಾವ ಕಂಪ್ಯೂಟರಿನಿಂದಲಾದರೂ ಇದನ್ನು ಮಾಡಬಹುದು.

ಶಾಲೆಯ ಆಡಳಿತ ಮಂಡಳಿ ಸಂಸ್ಥೆಯ ಹೆಸರಿನಲ್ಲಿ ಸಗಟು ಸಂದೇಶ ಕಳುಹಿಸುತ್ತಿದ್ದರೆ ಅದಕ್ಕೆ ವ್ಯಾಪಾರ ಸಂಸ್ಥೆಗಳ ನಿಯಮಗಳೇ ಅನ್ವಯಿಸುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಸಂಸ್ಥೆ, ಕಳುಹಿಸುವವರ ಹೆಸರು, ಸಂದೇಶದ ಮಾದರಿ ಪಠ್ಯ, ಈ ಮೂರೂ ಡಿಎಲ್‌ಟಿ ಎಂಬ ದಾಖಲೆಯಲ್ಲಿ ನೋಂದಣಿಯಾಗಿರಬೇಕು. ಮಾದರಿಗೆ ಹೊಂದದ ಸಂದೇಶವನ್ನು ದಾರಿಯಲ್ಲೇ ತಡೆಯಲಾಗುತ್ತದೆ. ಕನ್ನಡ ಮಾದರಿ ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ. ತೊಡಕು ಬರುವುದು ಕಣ್ಣಿಗೆ ಕಾಣದ ಸಂಕೇತಗಳಲ್ಲಿ. 'ಹೆಡ್‌ಮಾಸ್ಟರ್' ಎಂಬಲ್ಲಿ ಮಕಾರ ಒತ್ತಾಗದಂತೆ ತಡೆಯುವ ಅದೃಶ್ಯ ಸಂಕೇತವೊಂದಿದೆ. ನೋಂದಾಯಿಸಿದ ಮಾದರಿಯಲ್ಲಿ ಅದು ಇದ್ದು, ಕಳುಹಿಸುವಾಗ ಬೇರೆ ಕೀಲಿಮಣೆಯಲ್ಲಿ ಬೇರೆ ರೀತಿ ಬಂದರೆ ಹೊಂದಾಣಿಕೆ ತಪ್ಪುತ್ತದೆ. 'ಪೋ' ಎಂಬುದನ್ನು ಕೂಡ ಒಂದೇ ಸ್ವರಚಿಹ್ನೆಯಿಂದಲೂ ಎರಡು ಮೂರು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಟಕ್ಕೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಒಪ್ಪಿಗೆ ಪಡೆದ ಪಠ್ಯವನ್ನು ಮತ್ತೆ ಬೆರಳಚ್ಚು ಮಾಡದೆ ಅಲ್ಲಿಂದಲೇ ನಕಲಿಸಿಕೊಳ್ಳತಕ್ಕದ್ದು.

ಸಂಸ್ಥೆಗಳ ಆರ್‌ಸಿಎಸ್‌ನಲ್ಲಿ ಕಳುಹಿಸುವವರ ಹೆಸರು, ಲಾಂಛನ ಮತ್ತು ಪರಿಶೀಲಿತ ಎಂಬ ಗುರುತು ಇರುತ್ತವೆ. ಆದರೂ ಭಾರತದಲ್ಲಿ ಜಾಹೀರಾತುಗಳ ಹಾವಳಿ ಮಿತಿಮೀರಿದ್ದರಿಂದ 2022ರಲ್ಲಿ ಗೂಗಲ್ ಆ ಬಗೆಯ ಪ್ರಚಾರ ಸಂದೇಶಗಳನ್ನು ಸ್ವಲ್ಪಕಾಲ ನಿಲ್ಲಿಸಬೇಕಾಯಿತು. ಬೇಸತ್ತ ಪೋಷಕರು ಆರ್‌ಸಿಎಸ್ ಅನ್ನೇ ಆರಿಸಿಟ್ಟಿರುವುದೂ ಉಂಟು. ಅಂಥವರಿಗೆ ಬದಲಿ ಎಸ್‌ಎಂಎಸ್ ಹೋಗಬೇಕು, ಆ ಬದಲಿ ಪಠ್ಯಕ್ಕೂ ಪ್ರತ್ಯೇಕ ಕನ್ನಡ ಮಾದರಿ ನೋಂದಣಿಯಾಗಿರಬೇಕು. ಸೇವಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಳ್ಳುವಾಗಲೇ ಇದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೇಳದಿದ್ದರೆ ಆ ಜಾಗದಲ್ಲಿ ಇಂಗ್ಲಿಷ್ ಕುಳಿತಿರುತ್ತದೆ.

ಆ ಮುಖ್ಯೋಪಾಧ್ಯಾಯಿನಿಯವರ ಶಾಲೆಯಲ್ಲಿ ದೋಷವಿದ್ದದ್ದು 'ಟೆಕ್ಸ್ಟ್' ಎಂಬ ಆಯ್ಕೆಯಲ್ಲಿ, ಅಷ್ಟೆ. ಈಗ ಅವರ ಮೇಜಿನ ಸೆಳೆಖಾನೆಯಲ್ಲಿ ಒಂದು ಹಳೆಯ ಕೀಪ್ಯಾಡ್ ಫೋನಿದೆ. ಪ್ರತಿ ಸೂಚನೆಯೂ ಮೊದಲು ಆ ಫೋನಿಗೆ ಹೋಗುತ್ತದೆ. ಅದರಲ್ಲಿ ಕನ್ನಡ ಸರಿಯಾಗಿ ಮೂಡಿದ ಮೇಲೆಯೇ ಉಳಿದ ಮನೆಗಳಿಗೆ.