ಸರ್ವರ್ ದೂರಪ್ರವೇಶ ಮತ್ತು ರೌಟಿಂಗ್ ದೋಷನಿವಾರಣೆ

ದೂರಪ್ರವೇಶ ಅಥವಾ ರಿಮೋಟ್ ಆಕ್ಸೆಸ್ ಎಂಬುದು ಸಂಸ್ಥೆಯೊಂದರ ಸರ್ವರನ್ನು ಕಚೇರಿಯ ಹೊರಗಿನಿಂದ ಅಂತರಜಾಲದ ಮೂಲಕ ಬಳಸುವ ವ್ಯವಸ್ಥೆಯಾಗಿದೆ. ದತ್ತಾಂಶದ ಪ್ಯಾಕೆಟ್‌ಗಳು ಸಾಗಬೇಕಾದ ದಾರಿಯನ್ನು ನಿರ್ಧರಿಸುವ ಕ್ರಿಯೆಗೆ ರೌಟಿಂಗ್ ಎನ್ನುತ್ತಾರೆ. ಇನ್ಫೋಸಿಸ್ ಮೊದಲಾದ ತಂತ್ರಾಂಶ ಸಂಸ್ಥೆಗಳಿರುವ ಮೈಸೂರಿನಲ್ಲಿ, 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಬಳಿಕ ಈ ವ್ಯವಸ್ಥೆಯ ಅಗತ್ಯ ಹೆಚ್ಚಿತು.

ಸಾಮಾನ್ಯ ದೋಷಗಳು

ವಿಳಾಸಗಳ ಘರ್ಷಣೆ: 192.168.0.0ರಿಂದ 192.168.255.255ರವರೆಗಿನ ಐಪಿ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲಾಗಿವೆ. ಹೆಬ್ಬಾಳದ ಕಚೇರಿಯಲ್ಲಿಯೂ ಕುವೆಂಪುನಗರದ ಮನೆಯಲ್ಲಿಯೂ 192.168.1 ಎಂಬ ಒಂದೇ ಸರಣಿ ಬಳಕೆಯಲ್ಲಿದ್ದರೆ, ವಿಪಿಎನ್ ಸಂಪರ್ಕ ದೊರೆತರೂ ಸರ್ವರ್ ಸಿಗದಿರಬಹುದು. ಮನೆಯ ಗಣಕವು ಆ ವಿಳಾಸವನ್ನು ಮನೆಯೊಳಗೇ ಹುಡುಕುತ್ತದೆ. ಕಚೇರಿಯ ಸರಣಿಯನ್ನು ಬದಲಿಸುವುದು ಇದಕ್ಕೆ ಶಾಶ್ವತ ಪರಿಹಾರ.

ಎರಡು ಗೇಟ್‌ವೇಗಳು: ಎರಡು ಜಾಲ ಕಾರ್ಡ್‌ಗಳಿರುವ ಸರ್ವರಿನಲ್ಲಿ ಎರಡಕ್ಕೂ ಡೀಫಾಲ್ಟ್ ಗೇಟ್‌ವೇ ನೀಡಿದರೆ, ಒಂದು ದಾರಿಯಲ್ಲಿ ಬಂದ ಕೋರಿಕೆಗೆ ಉತ್ತರವು ಮತ್ತೊಂದು ದಾರಿಯಲ್ಲಿ ಹೋಗಬಹುದು. ಅಂತಹ ಉತ್ತರವನ್ನು ಫೈರ್‌ವಾಲ್ ತಿರಸ್ಕರಿಸುವ ಸಾಧ್ಯತೆಯಿದೆ.

ಹಂಚಿಕೆಯ ವಿಳಾಸ: ರೌಟರಿನ ಹೊರಮುಖದ ವಿಳಾಸವು 100.64.0.0 ಮತ್ತು 100.127.255.255ರ ನಡುವೆ ಇದ್ದರೆ, ಸೇವಾದಾತರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆಂದು ತಿಳಿಯಬಹುದು. ಆಗ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ಸ್ಥಿರ ಸಾರ್ವಜನಿಕ ವಿಳಾಸವನ್ನು ಪಡೆಯಬೇಕಾಗುತ್ತದೆ.

ಪರಿಶೀಲನೆಯ ಕ್ರಮ

ಮೊದಲು ಸರ್ವರಿನ ಐಪಿ ವಿಳಾಸಕ್ಕೆ, ನಂತರ ಅದರ ಹೆಸರಿಗೆ ಪಿಂಗ್ ಮಾಡಲಾಗುತ್ತದೆ. ವಿಳಾಸ ಉತ್ತರಿಸಿ ಹೆಸರು ಉತ್ತರಿಸದಿದ್ದರೆ ದೋಷವು ಡಿಎನ್ಎಸ್‌ನಲ್ಲಿದೆ. ಪ್ಯಾಕೆಟ್ ಎಲ್ಲಿಯವರೆಗೆ ತಲುಪಿತೆಂಬುದನ್ನು ಟ್ರೇಸ್‌ರೂಟ್ ಸೂಚಿಸುತ್ತದೆ. ಫೈರ್‌ವಾಲ್‌ಗಳು ಪಿಂಗ್ ಅನ್ನು ತಡೆಯುವುದೂ ಉಂಟು. ಆದ್ದರಿಂದ ಉತ್ತರ ಬಾರದ ಮಾತ್ರಕ್ಕೆ ಸರ್ವರ್ ನಿಂತಿದೆ ಎನ್ನಲಾಗದು. ಕೊನೆಯಲ್ಲಿ ಬೇಕಾದ ಪೋರ್ಟ್ ತೆರೆದಿದೆಯೇ ಎಂದು ನೋಡಲಾಗುತ್ತದೆ.

ದೂರದಿಂದಲೇ ರೌಟಿಂಗ್ ಬದಲಿಸುವಾಗ ಒಂದು ತಪ್ಪು ಸಾಲು ನಿರ್ವಾಹಕರನ್ನೇ ಹೊರಗಿಡಬಲ್ಲದು. ಆದುದರಿಂದ ಹಳೆಯ ವಿನ್ಯಾಸವನ್ನು ಉಳಿಸಿಕೊಂಡು, ಸರ್ವರಿನ ಬಳಿ ಒಬ್ಬರನ್ನು ಇರಿಸಿಕೊಳ್ಳುವುದು ವಾಡಿಕೆ.

ಭದ್ರತೆ

ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು ಅಂತರಜಾಲಕ್ಕೆ ನೇರವಾಗಿ ತೆರೆಯುವುದು ಸುಲಭವೆನಿಸಿದರೂ ಅಪಾಯಕಾರಿ. ಕಡತಗಳನ್ನು ಒತ್ತೆಯಿಡುವ ರಾನ್ಸಮ್‌ವೇರ್ ದಾಳಿಕೋರರು ಇಂತಹ ಪೋರ್ಟ್‌ಗಳನ್ನು ಹುಡುಕುತ್ತಿರುತ್ತಾರೆ. ವಿಪಿಎನ್ ಮತ್ತು ಎರಡು ಹಂತದ ದೃಢೀಕರಣ ಸುರಕ್ಷಿತ ಮಾರ್ಗಗಳಾಗಿವೆ. ಭಾರತದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಸೂಚಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು.