ಹಿಮದ ಹದ ನೋಡಿ ಮೇಣ

ಬೆಳಗಾವಿ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಿಮ ಕಂಡವರಿಗೆ ಇಲ್ಲಿ ಬರವೂ ಇಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ನಗರದಲ್ಲೇ ಇದೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಸೇನೆ ಸೇರಿದವರು ಕಾಶ್ಮೀರ, ಲಡಾಖ್‌ಗಳ ಚಳಿಗಾಲ ಕಂಡು ರಜೆಗೆ ಊರಿಗೆ ಬರುತ್ತಾರೆ. ಇತ್ತ ನಸುಕಿನಲ್ಲಿ ವ್ಯಾಕ್ಸಿನ್ ಡಿಪೋ ಮೈದಾನದಲ್ಲೂ ಕೋಟೆ ಕೆರೆಯ ಸುತ್ತಲೂ ಓಡುವವರಲ್ಲಿ ದೂರದ ಓಟದ ಹುಚ್ಚು ಹಿಡಿದವರು ಹಲವರು. ಮ್ಯಾರಥಾನ್ ಮುಗಿಸಿದ ಮೇಲೆ ಮುಂದೇನು ಎಂದು ಯೋಚಿಸುವ ಇಂಥವರಿಗೆ ವಿದೇಶದ ಹಿಮದ ಮೇಲಿನ ಸ್ಕೀ ಓಟವೂ ಕೈಗೆಟುಕದ ಕನಸೇನಲ್ಲ. ಅದಕ್ಕೆ ಬೇಕಾದ ಕಾಲ್ಬಲ ಇಲ್ಲೇ ಬೆಳೆಯುತ್ತದೆ. ಇಲ್ಲಿ ಬೆಳೆಯದ್ದು ಒಂದೇ, ಹಿಮದ ಅರಿವು. ಸ್ಕೀ ಆರಿಸುವುದು, ಅದಕ್ಕೆ ಮೇಣ ಹಚ್ಚುವುದು ಎಲ್ಲವೂ ಆ ಅರಿವಿನ ಮೇಲೆಯೇ ನಿಂತಿವೆ.

ಈ ವಿದ್ಯೆಗೆ ಕನ್ನಡನಾಡಿನ ನಂಟು ಹಳೆಯದು. ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಷನ್ನಿನ ಮುಖ್ಯಸ್ಥರಾಗಿದ್ದರು. ಜೋಜಿ ಲಾ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಆ ವರ್ಷವೇ, ಡಿಸೆಂಬರಿನಲ್ಲಿ, ಗುಲ್ಮಾರ್ಗ್‌ನಲ್ಲಿ ಡಿವಿಷನ್ನಿನದೇ ಸ್ಕೀ ಶಾಲೆ ತೆರೆದರು. ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಬೆಳೆದದ್ದು ಆ ಬೀಜದಿಂದ. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಈಗ ದೇಶದ ಮುಂಚೂಣಿ ಕ್ರಾಸ್‌ಕಂಟ್ರಿ ಸ್ಕೀ ಪಟು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ಕಾಫಿ ತೋಟದ ನಾಡಿನವರಿಗೆ ಸಾಧ್ಯವಾದದ್ದು ಮಲಪ್ರಭೆಯ ದಂಡೆಯವರಿಗೂ ಸಾಧ್ಯ ಎಂದು ನಾನು ನಂಬುತ್ತೇನೆ.

ದೂರದ ಸ್ಕೀ ಓಟಗಳಲ್ಲಿ ಹಿರಿಯದು ಸ್ವೀಡನ್ನಿನ ವಾಸಾಲೋಪೆಟ್. ಡೆನ್ಮಾರ್ಕಿನ ದೊರೆಯಿಂದ ತಲೆಮರೆಸಿಕೊಂಡು ನಾರ್ವೆಯತ್ತ ಹೊರಟಿದ್ದ ಗುಸ್ತಾವ್ ವಾಸಾನನ್ನು ಮೋರಾ ಊರಿನವರು ಸ್ಕೀ ಕಟ್ಟಿ ಹಿಂಬಾಲಿಸಿ ಸೇಲೆನ್ ಬಳಿ ತಡೆದು ಹಿಂದಕ್ಕೆ ಕರೆತಂದರು ಎಂಬುದು 1521ರ ಕಥೆ. ಆ ದಾರಿಯಲ್ಲಿ ಒಂದು ಓಟ ನಡೆಯಲಿ ಎಂದು ಬರೆದವರು ಪತ್ರಿಕಾ ಸಂಪಾದಕ ಆಂಡರ್ಸ್ ಪೆರ್ಸ್. 1922ರ ಮಾರ್ಚಿನಲ್ಲಿ ಮೊದಲ ಓಟ ನಡೆದಾಗ ಗೆದ್ದ ಎರ್ನ್ಸ್ಟ್ ಆಲ್ಮ್ ಏಳೂವರೆ ಗಂಟೆ ತೆಗೆದುಕೊಂಡರು. 2021ರಲ್ಲಿ ನಾರ್ವೆಯ ಟೂರ್ ಆಸ್ಲೆ ಯೆರ್ಡಾಲೆನ್ ಅದೇ ಓಟವನ್ನು ಮೂರೂವರೆ ಗಂಟೆಯೊಳಗೆ ಮುಗಿಸಿದರು. ಸೇಲೆನ್ ಬಳಿಯಿಂದ ಮೋರಾವರೆಗೆ 90 ಕಿ.ಮೀ.; ಬೆಳಗಾವಿಯಿಂದ ಹೊರಟರೆ ಧಾರವಾಡ ದಾಟಿ ಹುಬ್ಬಳ್ಳಿಯ ಸಮೀಪ ತಲುಪುವಷ್ಟು. ಇಲ್ಲಿ ಕ್ಲಾಸಿಕ್ ಶೈಲಿ ಮಾತ್ರ ಸಲ್ಲುತ್ತದೆ: ಹಿಮದಲ್ಲಿ ಕೊರೆದ ಎರಡು ಗಾಡಿಜಾಡಿನಲ್ಲಿ ಕಾಲುಗಳು ನೇರವಾಗಿ ಹಿಂದೆ ಮುಂದೆ ಸಾಗಬೇಕು, ಪಕ್ಕಕ್ಕೆ ಒದೆಯುವ ಹಾಗಿಲ್ಲ.

ಒಂದೇ ಹಲಗೆ ಹಿಮವನ್ನು ಕಚ್ಚಿ ಹಿಡಿಯಲೂ ಬೇಕು, ಮರುಗಳಿಗೆ ಜಾರಲೂ ಬೇಕು. ಈ ಎರಡು ವಿರುದ್ಧ ಕೆಲಸಗಳನ್ನು ಮಾಡಿಸುವುದು ಸ್ಕೀಯ ಕಮಾನು. ಜೋಡಿಯನ್ನು ಸಮನೆಲದ ಮೇಲಿಟ್ಟರೆ ತುದಿ ಮತ್ತು ಬಾಲ ಮಾತ್ರ ನೆಲ ಮುಟ್ಟುತ್ತವೆ, ನಡುಭಾಗ ಮೇಲೆದ್ದಿರುತ್ತದೆ. ಎರಡೂ ಕಾಲಿನ ಮೇಲೆ ಭಾರ ಹಂಚಿಕೊಂಡು ಜಾರುವಾಗ ಆ ನಡುಭಾಗ ಹಿಮದಿಂದ ಮೇಲೆಯೇ ಉಳಿಯಬೇಕು. ಒಂದು ಕಾಲನ್ನು ಒತ್ತಿ ಒದ್ದಾಗ ಪೂರ್ತಿ ಚಪ್ಪಟೆಯಾಗಿ ಹಿಮಕ್ಕೆ ಅಂಟಬೇಕು. ಹಿಡಿತದ ಮೇಣ ಹಚ್ಚುವುದು ಈ ನಡುಭಾಗಕ್ಕೆ ಮಾತ್ರ.

ಹಾಗಾಗಿ ಸ್ಕೀ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬ್ರ್ಯಾಂಡನ್ನಲ್ಲ, ಬಣ್ಣವನ್ನಲ್ಲ, ನಮ್ಮ ತೂಕವನ್ನು. ಉದ್ದಕ್ಕೆ ಲೆಕ್ಕ ಸುಲಭ, ಎತ್ತರಕ್ಕಿಂತ ಸುಮಾರು 20 ಸೆಂ.ಮೀ. ಹೆಚ್ಚು. ಬಿಗಿತದ ವಿಷಯ ಅಷ್ಟು ಸುಲಭವಲ್ಲ. ತೂಕಕ್ಕೆ ಮೀರಿ ಬಿಗಿಯಾದ ಸ್ಕೀ ಒತ್ತಿದರೂ ಬಗ್ಗದು, ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತದೆ. ತೀರ ಮೆತ್ತಗಿದ್ದರೆ ಮೇಣ ಸದಾ ಹಿಮಕ್ಕೆ ಉಜ್ಜುತ್ತ ಅರ್ಧ ದಾರಿಯಲ್ಲೇ ಸವೆದುಹೋಗುತ್ತದೆ. ಪರೀಕ್ಷೆಗೆ ಒಂದು ಹಾಳೆ ಸಾಕು. ಗಟ್ಟಿ ನೆಲದ ಮೇಲೆ ಎರಡೂ ಸ್ಕೀ ಮೇಲೆ ಸಮವಾಗಿ ನಿಂತು, ಪಾದದ ಕೆಳಗೆ ಹಾಳೆ ತೂರಿಸಿ ಹಿಂದೆ ಮುಂದೆ ಎಳೆಯಲು ಇನ್ನೊಬ್ಬರಿಗೆ ಹೇಳಬೇಕು; ಸಲೀಸಾಗಿ ಸರಿಯಬೇಕು. ಪೂರ್ತಿ ಭಾರವನ್ನು ಒಂದೇ ಕಾಲಿಗೆ ಬಿಟ್ಟಾಗ ಹಾಳೆ ಅಲ್ಲಾಡಬಾರದು. ಓಟದ ದಿನದ ಬಟ್ಟೆ, ನೀರಿನ ಭಾರವೆಲ್ಲ ಸೇರಿಸಿಯೇ ನಿಲ್ಲಬೇಕು. ನಮ್ಮಲ್ಲಿ ಬಹಳ ಮಂದಿ ಆನ್‌ಲೈನ್‌ನಲ್ಲಿ ಎತ್ತರ ನೋಡಿ ತರಿಸುವ ಆಸೆಗೆ ಬೀಳಬಹುದು. ಬೇಡ. ಓಟ ನಡೆಯುವಲ್ಲಿಗೇ ಹೋಗಿ, ನಿಂತು ನೋಡಿ ಬಾಡಿಗೆಗೆ ಪಡೆದ ಸ್ಕೀ, ಕಣ್ಣಾರೆ ಕಾಣದೆ ಕೊಂಡ ದುಬಾರಿ ಸ್ಕೀಗಿಂತ ಮೇಲು.

ಇನ್ನು ಮೇಣ. ಒದೆತದ ಕ್ಷಣದಲ್ಲಿ ಹಿಮದ ಹರಳುಗಳ ಚೂಪು ತುದಿಗಳು ಮೇಣದೊಳಗೆ ನಾಟಿ ಹಿಡಿದುಕೊಳ್ಳುತ್ತವೆ. ಭಾರ ತೆಗೆದೊಡನೆ ಬಿಟ್ಟುಕೊಡುತ್ತವೆ. ಈಗಷ್ಟೇ ಬಿದ್ದ ಹಿಮ ಚೂಪು, ಅದಕ್ಕೆ ಗಟ್ಟಿ ಮೇಣ ಸಾಕು. ದಿನಗಳೆದಂತೆ ಹರಳು ದುಂಡಗಾಗುತ್ತದೆ, ಆಗ ಮೇಣ ಮೆತ್ತಗಾಗಬೇಕು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಡಬ್ಬಿಯ ಮೇಣ ನಾಟುವುದೇ ಇಲ್ಲ. ಟ್ಯೂಬಿನಿಂದ ಹಿಂಡುವ ಅಂಟು, ಕ್ಲಿಸ್ಟರ್, ಬೇಕು. ಆಯ್ಕೆ ತಪ್ಪಿ ಮೇಣ ಮೆತ್ತಗಾದರೆ ಹಿಮದ ಮುದ್ದೆ ಅಡಿಗಂಟಿಕೊಂಡು ಹೆಜ್ಜೆ ಕಿತ್ತಿಡಲಾಗದು. ಗಟ್ಟಿಯಾದರೆ ಏರು ಹತ್ತಲಾಗದು.

ಈ ಗೋಜಲನ್ನು ಬಣ್ಣಗಳಿಗೆ ಇಳಿಸಿದವರು ಸ್ವೀಡನ್ನಿನ ಒಲಿಂಪಿಕ್ ಸ್ಕೀ ಪಟು ಮಾರ್ಟಿನ್ ಮಾಟ್ಸ್‌ಬೋ. ಅವರ ಪ್ರಯೋಗಗಳಿಂದ 1946ರಲ್ಲಿ ಬಂದ ಸ್ವಿಕ್ಸ್ ಮೇಣಗಳು ಬಣ್ಣದಿಂದ ಉಷ್ಣತೆ ಹೇಳಿದವು. ಇಂದಿಗೂ ಬಣ್ಣವೇ ಗುರುತು: ಹಸಿರು ಕಡುಚಳಿಗೆ, ನೀಲಿ ಸಾಧಾರಣ ಚಳಿಗೆ, ನೇರಳೆ ಸೊನ್ನೆ ಡಿಗ್ರಿಯ ಆಸುಪಾಸಿಗೆ, ಕೆಂಪು ಕರಗುವ ಹಿಮಕ್ಕೆ. ಆದರೆ ಡಬ್ಬಿಯ ಮೇಲಿನ ಅಂಕಿ ಹಿಮದ ವಯಸ್ಸು ಹೇಳದು, ತೇವ ಹೇಳದು. ಗಾಣದ ಮನೆಯಲ್ಲಿ ಬೆಲ್ಲದ ಪಾಕ ಇಳಿಸುವ ಹೊತ್ತನ್ನು ಅನುಭವಿ ಕೈ ಹೇಳುವಂತೆ, ಹಿಮವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದವರಿಗೇ ಇದರ ಹದ ಗೊತ್ತು.

ಹಚ್ಚುವ ರೀತಿಯೂ ತಾಳ್ಮೆಯದು. ನಡುಭಾಗವನ್ನು ಮರಳು ಕಾಗದದಿಂದ ತುಸು ಒರಟು ಮಾಡಿ, ಮೊದಲು ತಳಮೇಣವನ್ನು ತೆಳ್ಳಗೆ ಕಾಯಿಸಿ ಕೂರಿಸಬೇಕು. ಹಿಮ ಹರಿತವಾಗಿದ್ದಷ್ಟೂ, ದೂರ ಹೆಚ್ಚಿದಷ್ಟೂ ಈ ತಳಪಾಯ ಮುಖ್ಯ. ಮೇಲೆ ದಿನದ ಮೇಣವನ್ನು ದಪ್ಪಗೆ ಒಂದೇ ಸಲ ಬಳಿಯದೆ, ತೆಳು ಪದರಗಳಾಗಿ, ಪ್ರತಿ ಪದರವನ್ನೂ ಕಾರ್ಕ್ ತುಂಡಿನಿಂದ ನುಣ್ಣಗೆ ಉಜ್ಜುತ್ತ ಹೋಗಬೇಕು. 90 ಕಿ.ಮೀ. ದಾರಿಗೆ ಆರೆಂಟು ಪದರ. ಆಮೇಲೆ ಹೊರಗಿನ ಚಳಿಯಲ್ಲಿ ತಣಿಯಲು ಬಿಟ್ಟೇ ಪರೀಕ್ಷಿಸಬೇಕು. ಗಟ್ಟಿ ಮೇಣದ ಮೇಲೆ ಮೆತ್ತನೆಯದು ಕೂರುತ್ತದೆ, ಮೆತ್ತನೆಯದರ ಮೇಲೆ ಗಟ್ಟಿ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಓಟ ಹೊರಡುವಾಗ ಕಡುಚಳಿ, ಮಧ್ಯಾಹ್ನಕ್ಕೆ ಸೊನ್ನೆಯ ಹತ್ತಿರ ಎಂಬಂಥ ದಿನ ಬಂದರೆ ಈ ನಿಯಮ ನಮ್ಮ ಪರವಾಗಿರುತ್ತದೆ: ಚಳಿಯ ಮೇಣ ಹಚ್ಚಿ ಹೊರಟು, ಮೆತ್ತನೆಯ ಡಬ್ಬಿ ಮತ್ತು ಕಾರ್ಕನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡರಾಯಿತು. 47ನೇ ಕಿ.ಮೀ.ನ ಎವರ್ಟ್ಸ್‌ಬೆರ್ಗ್ ತಂಗುದಾಣದಲ್ಲಿ ನಿಂತು ಇನ್ನೊಂದು ಪದರ ಹಚ್ಚಲು ಕಳೆಯುವ ನಿಮಿಷಗಳು ಮುಂದಿನ ದಾರಿಯಲ್ಲಿ ಮರಳಿ ಸಿಗುತ್ತವೆ.

ತುದಿಗೂ ಬಾಲಕ್ಕೂ ಹಚ್ಚುವುದು ಜಾರುವ ಮೇಣ. ಇಸ್ತ್ರಿಯಿಂದ ಕರಗಿಸಿ ಹರಡಿ, ತಣಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಬ್ರಶ್‌ನಿಂದ ತಿಕ್ಕಿ ತೆಗೆಯುವುದು. ಹಿಂದೆ ಇದರಲ್ಲಿ ಫ್ಲೋರಿನ್ ಬೆರೆಸಿದ ಪುಡಿಗಳು ರಾರಾಜಿಸುತ್ತಿದ್ದವು. ಮಣ್ಣು ನೀರಿನಲ್ಲಿ ಕೊಳೆಯದೆ ಉಳಿಯುವ ರಾಸಾಯನಿಕಗಳವು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ಅವನ್ನು ಪೂರ್ತಿ ನಿಷೇಧಿಸಿದ್ದು ಸರಿಯಾದ ನಿರ್ಧಾರ. ಹಳೆಯ ಸ್ಕೀ ಅಥವಾ ಹಳೆಯ ಮೇಣ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಅದರಲ್ಲಿ ಫ್ಲೋರಿನ್ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಮೇಣ ತೊಳೆಯುವ ದ್ರಾವಣ ಬೆಂಕಿ ಹಿಡಿಯುವಂಥದು, ವಿಮಾನಕ್ಕೆ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು.

ಮುಂಚೂಣಿಯ ಸ್ಪರ್ಧಿಗಳಲ್ಲಿ ಹೆಚ್ಚಿನವರು ಈಗ ಹಿಡಿತದ ಮೇಣವನ್ನೇ ಬಿಟ್ಟು, ಎರಡೂ ಕೋಲುಗಳನ್ನು ಒಟ್ಟಿಗೆ ಊರಿ ತೋಳು, ಹೊಟ್ಟೆ, ಬೆನ್ನಿನ ಬಲದಿಂದಲೇ 90 ಕಿ.ಮೀ. ತಳ್ಳಿಕೊಂಡು ಹೋಗುತ್ತಾರೆ. ಅದನ್ನು ಕಂಡು ಮರುಳಾಗಬಾರದು. ಓಟದ ಆರಂಭದಲ್ಲೇ ಸುಮಾರು ಮೂರು ಕಿ.ಮೀ. ಏರು ಇದೆ, ಹೊಸಬರ ತೋಳು ಅಲ್ಲೇ ಸೋಲುತ್ತದೆ.

ಆ ತೋಳನ್ನು ಬೆಳೆಸಲು ನಮ್ಮ ರಸ್ತೆಗಳು ಸಾಕು. ಚಕ್ರದ ರೋಲರ್ ಸ್ಕೀ ಕಟ್ಟಿಕೊಂಡರೆ ಜಾಂಬೋಟಿ, ಕಣಕುಂಬಿಗಳ ಸುತ್ತಲಿನ ಕಾಡಿನ ಏರಿಳಿತಗಳಲ್ಲಿ, ವಾಹನ ವಿರಳವಾದ ಒಳರಸ್ತೆಗಳಲ್ಲಿ, ನವೆಂಬರಿನಿಂದ ಫೆಬ್ರವರಿಯ ನಸುಕಿನ ತಂಪಿನಲ್ಲಿ ಒಳ್ಳೆಯ ಅಭ್ಯಾಸವಾದೀತು. ಪಣಜಿಗೆ ಹೋಗುವ ಹೆದ್ದಾರಿ ಬೇಡ. ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ, ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ಬಿಚ್ಚಿ ನಡೆಯುವುದೇ ಲೇಸು. ಖಾನಾಪುರದ ಮಳೆಗಾಲದಲ್ಲಂತೂ ಅದರ ಸುದ್ದಿಯೇ ಬೇಡ, ಒದ್ದೆ ಡಾಂಬರಿನ ಮೇಲೆ ಚಕ್ರ ಹಿಡಿತ ಬಿಡುತ್ತದೆ. ಇನ್ನೊಂದು ಎಚ್ಚರ ಬೇಕು. ಕ್ಲಾಸಿಕ್ ರೋಲರ್ ಸ್ಕೀಯ ಒಂದು ಚಕ್ರ ಹಿಂದಕ್ಕೆ ತಿರುಗದಂತೆ ಕಟ್ಟಿರುತ್ತದೆ, ಹೇಗೆ ಒದ್ದರೂ ಹಿಡಿತ ಸಿಗುತ್ತದೆ. ಹಿಮ ಹಾಗೆ ಕ್ಷಮಿಸದು. ಕಾಲಿಗೆ ಭಾರವನ್ನು ಪೂರ್ತಿ ವರ್ಗಾಯಿಸದೆ ಒದೆಯುವ ಚಟ ಡಾಂಬರಿನಲ್ಲಿ ಬೆಳೆದರೆ ಯಾವ ಮೇಣವೂ ಕಾಪಾಡದು. ಅದಕ್ಕಾಗಿ ಹೋಗುವ ಮುನ್ನ ಗುಲ್ಮಾರ್ಗ್‌ನಲ್ಲೋ ಉತ್ತರಾಖಂಡದ ಔಲಿಯಲ್ಲೋ ನಿಜವಾದ ಹಿಮದ ಮೇಲೆ ಕೆಲ ದಿನ ಕಳೆಯಲೇಬೇಕು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಸ್ಕಿನ್ ಸ್ಕೀ. ನಡುಭಾಗಕ್ಕೆ ಮೇಣದ ಬದಲು ಮೊಹೇರ್, ಅಂದರೆ ಅಂಗೋರಾ ಮೇಕೆಯ ಕೂದಲಿನ ಪಟ್ಟಿ ಅಂಟಿಸಿರುತ್ತಾರೆ. ಕೂದಲು ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಚೆನ್ನಾಗಿ ಮೇಣ ಹಚ್ಚಿದ ಸ್ಕೀಯಷ್ಟು ವೇಗವಿಲ್ಲ, ಆದರೆ ಕೆಟ್ಟದಾಗಿ ಮೇಣ ಹಚ್ಚಿದ ಸ್ಕೀಗಿಂತ ನೂರು ಪಾಲು ವಾಸಿ. 90 ಕಿ.ಮೀ. ಹೆಚ್ಚೆನಿಸಿದರೆ ಅದೇ ವಾರ ಅದೇ ಜಾಡಿನಲ್ಲಿ 30 ಮತ್ತು 45 ಕಿ.ಮೀ. ಓಟಗಳೂ ನಡೆಯುತ್ತವೆ. ನಾಲ್ಕು ದಿನ ಮೊದಲೇ ತಲುಪಿ, ಎಲ್ಡ್ರಿಸ್‌ನಿಂದ ಮೋರಾವರೆಗಿನ ಕೊನೆಯ 9 ಕಿ.ಮೀ. ಜಾಡಿನಲ್ಲಿ ಒಮ್ಮೆ ಹೋಗಿ ಬನ್ನಿ. ಮೇಣ ಹಚ್ಚಿಯೇ ಓಡುತ್ತೇನೆ ಎನ್ನುವವರು ಓಟದ ಮುಂಚಿನ ಸಂಜೆ ಊರಿನ ಸ್ಕೀ ಅಂಗಡಿಗೆ ಹೋಗಿ ನಾಳೆಯ ಹಿಮ ಹೇಗಿರುತ್ತದೆಂದು ಕೇಳಿ, ಅಲ್ಲಿನವರು ಹೇಳಿದ ಮೇಣವನ್ನೇ ಹಚ್ಚಿ.